ಎಲೆ ಹಾಕದ ಗುಳಿಯಲ್ಲೂ ಉಂಗುರ!

ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನು ದೊಡ್ಡಪತ್ರೆ ಹಿಡಿದುಕೊಂಡಿದ್ದಕ್ಕೆ ಘನ ಕಾರಣವೇನೂ ಇರಲಿಲ್ಲ. ಹಾಸನದ ನಮ್ಮ ಮನೆ ಹಿತ್ತಲಲ್ಲಿ ಅದು ಬೇಕಾದಷ್ಟಿತ್ತು. ಹೊಟ್ಟೆ ಕೆಟ್ಟರೆ ಅಮ್ಮ ಅದರದೇ ತಂಬುಳಿ ಮಾಡುತ್ತಿದ್ದಳು. ಊಟದ ಜೊತೆ ಹೊಟ್ಟೆ ಸೇರಿ ಕಾಡುವ ಬ್ಯಾಕ್ಟೀರಿಯಾಗಳಿಗೆ ಈ ಸೊಪ್ಪು ನಿಜಕ್ಕೂ ಏನಾದರೂ ಮಾಡುತ್ತದಾ ಅಂತ ನೋಡುವ ಆಸೆ.

ಮೊದಲ ಪೆಟ್ಟು ಮಳೆಯದು. ದೊಡ್ಡಪತ್ರೆ ಎಲೆ ದಪ್ಪ, ಹಿಂಡಿದರೆ ಬರೀ ನೀರು. ಜುಲೈನಲ್ಲಿ ನೆರಳಿಗೆ ಹರವಿದ್ದು ನಾಲ್ಕನೇ ದಿನಕ್ಕೆ ಬೂಷ್ಟು ಹಿಡಿಯಿತು. ಓವನ್ನಿನಲ್ಲಿ ಜೋರು ಬಿಸಿ ಕೊಟ್ಟರೆ ಗರಿಗರಿಯಾಯಿತು, ಪರಿಮಳ ಮಾತ್ರ ಮಾಯ. ಆ ಘಾಟು ಕಾರ್ವಕ್ರಾಲ್, ಥೈಮಾಲ್‌ನಂಥ ಎಣ್ಣೆ ಅಂಶಗಳದು. ಬ್ಯಾಕ್ಟೀರಿಯಾದ ಪೊರೆ ಸಡಿಲಿಸುವುದೂ ಅವೇ. ವಾಸನೆ ಹೋದ ಪುಡಿ ಇಟ್ಟುಕೊಂಡು ಏನು ಮಾಡುವುದು? ಕೊನೆಗೆ 40 ಡಿಗ್ರಿಯಲ್ಲಿ ನಿಧಾನ ಒಣಗಿಸಿ, 10 ಗ್ರಾಂ ಪುಡಿಯನ್ನು 100 ಮಿ.ಲೀ. ಎಥನಾಲ್ ಎಂಬ ಸ್ಪಿರಿಟ್ಟಿನಲ್ಲಿ ಒಂದು ದಿನ ನೆನೆಸಿ ಸೋಸಿದೆ.

ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಮುಲ್ಲರ್-ಹಿಂಟನ್ ಅಗಾರ್ ಹುಯ್ದ ಪ್ಲೇಟುಗಳಲ್ಲಿ ಒಂದಕ್ಕೆ ಸ್ಟೆಫಿಲೊಕಾಕಸ್ ಆರಿಯಸ್, ಇನ್ನೊಂದಕ್ಕೆ ಇ. ಕೋಲೈ ಬಳಿದು, 6 ಮಿ.ಮೀ. ಗುಳಿ ತೋಡಿ, ಸೋಸಿದ ರಸ ಬಿಟ್ಟು, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಗ್ಗೆ ನೋಡಿದರೆ ಸ್ಟೆಫ್ ಪ್ಲೇಟಿನಲ್ಲಿ 18 ಮಿ.ಮೀ. ಅಗಲದ ತಿಳಿ ಉಂಗುರ, ಅಷ್ಟು ಜಾಗದಲ್ಲಿ ಬ್ಯಾಕ್ಟೀರಿಯಾ ಬೆಳೆದೇ ಇಲ್ಲ! ಫೋಟೊ ತೆಗೆದು ಗೈಡ್ ಮೇಡಂಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಕೇಳಿದ್ದು ಒಂದೇ ಮಾತು: “ಕಂಟ್ರೋಲ್ ಎಲ್ಲಮ್ಮಾ?”

ಕಂಟ್ರೋಲ್ ಅಂದರೆ ಎಲೆಯ ರಸವಿಲ್ಲದ, ಹೋಲಿಸಿ ನೋಡುವ ಗುಳಿ. ಮಾರನೇ ಸಲ ಅದಕ್ಕೆಂದು ಪಕ್ಕದ ಗುಳಿಗೆ ಬರೀ ಎಥನಾಲ್ ಬಿಟ್ಟೆ. ಅಲ್ಲೂ 11 ಮಿ.ಮೀ. ಉಂಗುರ. ನಾನು ಕುಣಿದಾಡಿದ್ದರಲ್ಲಿ ಸ್ಪಿರಿಟ್ಟಿನ ಪಾಲೂ ಇತ್ತು. ವಾರದ ಕೆಲಸ ನೀರುಪಾಲು.

ಆಮೇಲೆ ಎಥನಾಲನ್ನು ಪೂರ್ತಿ ಆರಿಸಿ, ಬೀಕರಿನ ತಳದಲ್ಲಿ ಉಳಿದ ಹಸಿರು ಜಿಗಟನ್ನು ತೂಗಿ, ನೀರು ಬೆರೆಸಿದ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದೆ. ಈ ಸಲ ಕಂಟ್ರೋಲ್ ಗುಳಿಯ ಸುತ್ತ ಏನೂ ಇಲ್ಲ. ಸ್ಟೆಫ್‌ಗೆ 14, ಇ. ಕೋಲೈಗೆ ಬರೀ 8, ಅದರಲ್ಲಿ ಗುಳಿಯೇ 6! ಇ. ಕೋಲೈ ಗ್ರಾಂ-ನೆಗೆಟಿವ್ ಜಾತಿಯದು, ಹೊರಗೊಂದು ಪೊರೆ ಹೆಚ್ಚು, ಎಣ್ಣೆ ಅಂಶ ಸುಲಭಕ್ಕೆ ಒಳನುಗ್ಗದು. ಹಾಗಂತ ಉಂಗುರದ ಅಗಲ ನೋಡಿ ಎರಡು ಸೊಪ್ಪುಗಳ ಶಕ್ತಿ ಅಳೆಯುವುದನ್ನು ನಾನಂತೂ ನಂಬುವುದಿಲ್ಲ. ಎಣ್ಣೆ ಅಗಾರ್‌ನಲ್ಲಿ ಸರಿಯಾಗಿ ಹರಡುವುದೇ ಇಲ್ಲ. ಅದಕ್ಕೇ ರಸವನ್ನು ಅರ್ಧರ್ಧ ತೆಳು ಮಾಡುತ್ತಾ, ಎಷ್ಟು ಕಡಿಮೆಗೆ ಬೆಳವಣಿಗೆ ನಿಲ್ಲುತ್ತದೆಂದು ಟ್ಯೂಬುಗಳಲ್ಲಿ ಮತ್ತೆ ನೋಡಿದೆ.

ಇದೆಲ್ಲ ಕೇಳಿದ ಅಮ್ಮ, “ಹಂಗಾದ್ರೆ ರಾತ್ರಿ ಉಳಿದ ಅನ್ನಕ್ಕೆ ನಾಕು ಎಲೆ ಹಾಕಿಟ್ರೆ ಸಾಕಲ್ಲೇ?” ಅಂದಳು. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿಗೂ ಜಗ್ಗವು, ಅದು ಬಿಟ್ಟ ವಾಂತಿ ತರಿಸುವ ವಿಷ ಬೆಳಗ್ಗೆ ಮತ್ತೆ ಬಿಸಿ ಮಾಡಿದರೂ ಹೋಗದು. ಅಷ್ಟೆಲ್ಲ ಹೇಳುವ ಹೊತ್ತಿಗೆ ಅವಳು ಪಾತ್ರೆ ತೊಳೆಯಲು ಎದ್ದಿದ್ದಳು. “ಎಲೆ ತಂಬುಳಿಗಿರಲಿ, ಅನ್ನ ಫ್ರಿಜ್ಜಿಗಿಡು” ಅಂದೆ.