ಕಾದಂಬರಿಕಾರರ ಬಾಲ್ಯದ ಮನೆ ಉಳಿಸಲು ಹೊರಟಾಗ

ತೀರ್ಥಹಳ್ಳಿ ಸೀಮೆಯ ಒಂದು ಹಳೇ ತೊಟ್ಟಿಮನೆಯನ್ನು ಸಾರ್ವಜನಿಕರು ಬಂದು ನೋಡುವ ಹಾಗೆ ಸಜ್ಜುಮಾಡುವ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಕನ್ನಡದ ಒಬ್ಬ ಕಾದಂಬರಿಕಾರರು ಹುಡುಗನಾಗಿ ಬೆಳೆದ ಮನೆ ಅದು. ಹೆಸರು ಬರೆಯುತ್ತಿಲ್ಲ. ದಾಯಾದಿಗಳ ನಡುವಿನ ಪಾಲಿನ ದಾವೆಯೊಂದು ಇನ್ನೂ ಕೋರ್ಟಿನಲ್ಲಿದೆ, ನನ್ನ ಬರಹ ಯಾರ ಕಡೆಗೂ ಸಾಕ್ಷಿಯಾಗುವುದು ಬೇಡ.

ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ಕುಪ್ಪಳಿಗೆ ಹೋಗಿಬರುತ್ತಾರೆ, ನಾನೂ ಹೋದೆ. ಕುವೆಂಪು 1904ರಲ್ಲಿ ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ. ಆದರೆ ಜನ ಬಸ್ಸು ಮಾಡಿಕೊಂಡು ಬರುವುದು ಅವರು ಬೆಳೆದ ಕುಪ್ಪಳಿಯ ಕವಿಮನೆಗೆ. ಅದರ ಹಿಂದೆ 1992ರಲ್ಲಿ ಹುಟ್ಟಿದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ನಿಂತಿದೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಮನೆಯ ಕಥೆ ಬೇರೆ: 2011ರಲ್ಲಿ ಕೆಡವಲು ಶುರುಮಾಡಿದ ಮೇಲೆ ಗಲಾಟೆಯಾಗಿ ನಿಂತಿತು, ಆಮೇಲೆ ಮಹಾನಗರ ಪಾಲಿಕೆ ಅದನ್ನು ಕೊಂಡು 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ನಮಗೆ ಪಾಲಿಕೆಯೂ ಇರಲಿಲ್ಲ, ಪ್ರತಿಷ್ಠಾನವೂ ಇರಲಿಲ್ಲ. ಕುಟುಂಬದವರೇ ಸೇರಿ ಒಂದು ಟ್ರಸ್ಟ್ ನೋಂದಾಯಿಸಿದರು. ಪಾಲಿಗೆ ತಕರಾರಿಲ್ಲದ ಮುಖ್ಯ ಮನೆ ಮತ್ತು ಕೊಟ್ಟಿಗೆಯನ್ನಷ್ಟೇ ಅದಕ್ಕೆ ಬರೆದುಕೊಟ್ಟರು. ಕಾಗದಪತ್ರದ ಕಥೆ ಇಷ್ಟು ಸಾಕು; ಅದಕ್ಕೆ ತಾಳ್ಮೆ ಮತ್ತು ಒಬ್ಬ ಒಳ್ಳೇ ವಕೀಲರು ಬೇಕು, ಅಷ್ಟೆ.

ನಿಜವಾದ ಕೆಲಸ ಒಲೆಯಿಂದ ಶುರುವಾಯಿತು.

ಮನೆ ಬೀಗ ಹಾಕಿಕೊಂಡು ಬಹಳ ಕಾಲವೇನೂ ಆಗಿರಲಿಲ್ಲ. ಆದರೂ ಅಡುಗೆಮನೆಯ ಅಟ್ಟದ ಜಂತಿಗಳಿಗೆ ಕುಟ್ಟೆ ಹುಳು ಬಿದ್ದು, ಕೆಳಗೆ ರವೆಯಂಥ ಹೊಟ್ಟು ಉದುರುತ್ತಿತ್ತು. ನೂರು ವರ್ಷ ತಡೆದ ಮರ ಈಗೇಕೆ ಹೀಗೆ ಅಂತ ನಾನು ತಲೆ ಕೆರೆದುಕೊಂಡೆ. ಕಾದಂಬರಿಕಾರರ ತಮ್ಮನ ಹೆಂಡತಿ, ಊರವರೆಲ್ಲ ಚಿಕ್ಕಮ್ಮ ಅಂತಲೇ ಕರೆಯುವ ಹಿರಿಯರು, ನಕ್ಕುಬಿಟ್ಟರು. “ಒಲೆ ಆರಿಸಿ ಕೂತ್ರೆ ಹುಳ ಬೀಳ್ದೆ ಇನ್ನೇನಾಗುತ್ತೆ, ತಮ್ಮಾ?” ಅವರ ಮಾತು ಸರಿ. ಮಲೆನಾಡಿನ ಮಳೆಗಾಲದಲ್ಲಿ ಮರವನ್ನು ಒಣಗಿಸಿಟ್ಟು ಹುಳ ದೂರ ಇಡುತ್ತಿದ್ದದ್ದು ದಿನವೂ ಏಳುವ ಹೊಗೆ ಮತ್ತು ಕಾವು. ಗೋಡೆಯ ಕಪ್ಪನ್ನು ಉಜ್ಜಿ ತೆಗೆದು ‘ಚೊಕ್ಕಟ’ ಮಾಡಬೇಕು ಅನ್ನುತ್ತಿದ್ದ ಟ್ರಸ್ಟಿಗಳಿಗೆ ಈ ಕಾರಣ ಹೇಳಿ ತಡೆದೆ. ಈಗ ಬಚ್ಚಲಿನ ಹಂಡೆ ಒಲೆ ದಿನವೂ ಉರಿಯುತ್ತದೆ, ಅಡುಗೆಮನೆಯದು ವಾರಕ್ಕೆರಡು ಸಲ, ಪಕ್ಕದಲ್ಲಿ ಒಬ್ಬರು ಕೂತು ಕಾಯುತ್ತಾರೆ. ಹುಳು ತಿಂದ ಜಂತಿಗಳಿಗೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಹಚ್ಚಿದೆವು. ಅದನ್ನು ಹಚ್ಚುವಾಗ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಗ್ಲೌಸ್ ಇಲ್ಲದೆ ಯಾರನ್ನೂ ಮುಟ್ಟಲು ಬಿಡಬೇಡಿ.

ಮಳೆ, ಹುಳುಗಳಿಗಿಂತ ದೊಡ್ಡ ಹಾನಿ ಮಾಡಿದ್ದು ಸಿಮೆಂಟು. ಯಾವುದೋ ಮದುವೆಯ ಹೊತ್ತಿನಲ್ಲಿ ನಡುಮನೆಯ ಮಣ್ಣಿನ ಗೋಡೆಗೆ ಸೊಂಟದ ಎತ್ತರಕ್ಕೆ ಸಿಮೆಂಟು ಸಾರಿಸಿದ್ದರು. ನೆಲದಿಂದ ಮೇಲೇರಿದ ತೇವ ಹೊರಗೆ ಬರಲು ದಾರಿಯಿಲ್ಲದೆ ಗೋಡೆಯೊಳಗೇ ಕೂತು, ಅದಕ್ಕೆ ಅಂಟಿಕೊಂಡಿದ್ದ ಮುಂಡಿಗೆಯ, ಅಂದರೆ ಮರದ ಕಂಬದ, ಬುಡವನ್ನು ಕೊಳೆಸಿತ್ತು. ಉಳಿಯಿಂದ ಕುಟ್ಟಿದರೆ ಮೇಲೆಲ್ಲ ಟಣ್ ಅನ್ನುವ ಮರ ಬುಡದಲ್ಲಿ ಬ್ರೆಡ್ಡಿನ ಹಾಗೆ ಒಳಗೆ ಹೋಗುತ್ತಿತ್ತು. ಇಡೀ ಕಂಬ ಬದಲಿಸಿ ಅಂದರು ಕೆಲವರು. ನಮ್ಮ ಹಿರಿಯ ಆಚಾರಿಗಳು ಒಪ್ಪಲಿಲ್ಲ. ತೊಲೆಗೆ ಜಾಕಿ ಕೊಟ್ಟು ಭಾರ ಎತ್ತಿ, ಕೊಳೆತಷ್ಟನ್ನೇ ಕೊಯ್ದು, ಕೆಡವಿದ ಇನ್ನೊಂದು ಮನೆಯಿಂದ ತಂದ ಹಳೇ ಹಲಸಿನ ತುಂಡನ್ನು ಕಚ್ಚು ಹಾಕಿ ಕೂಡಿಸಿದರು. ಆ ಕೂಡು ಕಾಣುತ್ತದೆ. ಕಾಣಲಿ ಅಂತಲೇ ಬಣ್ಣ ಬಳಿಯದೆ ಬಿಟ್ಟಿದ್ದೇವೆ. ಸಿಮೆಂಟು ಕಿತ್ತ ಜಾಗಕ್ಕೆ ಕರಾವಳಿಯ ಚಿಪ್ಪುಸುಣ್ಣ ತರಿಸಿ, ಕೊಳೆಹಾಕಿ, ಮರಳು ಬೆರೆಸಿ ಗಾರೆ ಮಾಡಿದೆವು. ಗಾರೆ ನಿಧಾನಕ್ಕೆ ಒಣಗಬೇಕು. ಅದಕ್ಕೆ ಕಂಟ್ರಾಕ್ಟರ್ ಬೇಡ, ದಿನಗೂಲಿಯೇ ಮೇಲು.

ಆಮೇಲೆ ಎದ್ದ ಪ್ರಶ್ನೆ: ಯಾವ ಕಾಲದ ಮನೆಯನ್ನು ತೋರಿಸಬೇಕು? ಲೇಖಕರು ದೊಡ್ಡವರಾದ ಮೇಲೆ ಬಂದು ಕೂರುತ್ತಿದ್ದ ಸೋಫಾ, ಅವರು ತಂದುಕೊಟ್ಟ ರೇಡಿಯೋ, ಸನ್ಮಾನದ ಶಾಲುಗಳು ಎಲ್ಲ ಜಗಲಿಯಲ್ಲಿರಲಿ ಎಂದು ಕುಟುಂಬದವರ ಆಸೆ. ಇದು ಒಬ್ಬ ಹುಡುಗನ ಮನೆ, ಪ್ರಶಸ್ತಿ ಪಡೆದ ಲೇಖಕನದಲ್ಲ ಎಂಬುದು ನನ್ನ ವಾದ. ಅವರು ಹೈಸ್ಕೂಲಿಗೆ ಪೇಟೆಗೆ ಹೋದ ವರ್ಷವನ್ನೇ ಗೆರೆಯಾಗಿ ಇಟ್ಟುಕೊಂಡೆವು. ಶಾಲು, ಪದಕಗಳು ಕೊಟ್ಟಿಗೆಯ ಪಕ್ಕದ ಹೊಸ ಕೋಣೆಗೆ ಹೋದವು, ಅದೂ ಪದಕಗಳ ಪ್ರತಿಕೃತಿ ಮಾತ್ರ. 2015ರಲ್ಲಿ ಕವಿಮನೆಗೇ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಒಯ್ದದ್ದು ಎಲ್ಲರಿಗೂ ನೆನಪಿತ್ತು. ಅಸಲಿ ಪದಕ ಬ್ಯಾಂಕ್ ಲಾಕರಿಗೆ ಅಂದಾಗ ಯಾರೂ ಎದುರು ಮಾತಾಡಲಿಲ್ಲ.

ಉಪ್ಪರಿಗೆಯ ಗೋಡೆಯನ್ನು ಬ್ಲೇಡಿನಿಂದ ಅಂಗೈಯಗಲ ಕೆರೆದು ನೋಡಿದೆವು. ಮೇಲೆ ಹಸಿರು ಡಿಸ್ಟೆಂಪರ್, ಅದರಡಿ ತಿಳಿಗುಲಾಬಿ, ಅದರಡಿ ನೀಲಿ ಬೆರೆಸಿದ ಸುಣ್ಣ, ಕೊನೆಗೆ ಕೆಮ್ಮಣ್ಣು. ಆ ಸುಣ್ಣದ ಪದರದ ಮೇಲೆ ಇದ್ದಿಲಿನಲ್ಲಿ ಬರೆದ ಏಳರ ಮಗ್ಗಿ ಸಿಕ್ಕಿತು, ನಡುವೆ ಒಂದು ಕಡೆ ಲೆಕ್ಕ ತಪ್ಪಿತ್ತು. ಮನೆಯವರಿಗೆ ಹಬ್ಬ! ಅಣ್ಣಯ್ಯನದೇ ಕೈಬರಹ ಅಂದರು. ಆ ಮನೆಯಲ್ಲಿ ಆಗ ಮಕ್ಕಳ ದಂಡೇ ಇತ್ತು, ಪುರಾವೆ ಯಾವುದೂ ಇಲ್ಲ. ಫಲಕದಲ್ಲಿ ‘ಈ ಮನೆಯ ಮಕ್ಕಳು ಬರೆದದ್ದು’ ಅಂತಷ್ಟೇ ಇದೆ. ಈ ವಿಷಯಕ್ಕೆ ಒಬ್ಬ ಟ್ರಸ್ಟಿ ಇಂದಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ಓದುಗರ ಕಾಟ ಇನ್ನೊಂದು ಬಗೆಯದು. ಕಾದಂಬರಿಯಲ್ಲಿ ಹೆಂಗಸೊಬ್ಬಳು ಬಿದ್ದ ಬಾವಿ ಎಲ್ಲಿ ಎಂದು ಬಂದವರಲ್ಲಿ ಅರ್ಧ ಜನ ಕೇಳುತ್ತಾರೆ. ಈ ಮನೆಗೆ ಬಾವಿಯೇ ಇಲ್ಲ; ಗುಡ್ಡದಿಂದ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ನೀರು ಬರುತ್ತಿತ್ತು. ‘ಜನ ಬಯಸ್ತಾರೆ, ಒಂದು ಸಣ್ಣ ಬಾವಿ ತೋಡಿಸಿಬಿಡೋಣ’ ಎಂಬ ಸಲಹೆ ಸಭೆಯಲ್ಲಿ ಗಂಭೀರವಾಗಿಯೇ ಬಂತು. ತಡೆಯುವಷ್ಟರಲ್ಲಿ ಸಾಕುಸಾಕಾಯಿತು. ಬದಲಿಗೆ ಆ ದಬ್ಬೆಯ ನೀರನ್ನೇ ಮತ್ತೆ ಹಿತ್ತಲಿಗೆ ಹರಿಸಿದೆವು.

ಕೊಟ್ಟಿಗೆಯನ್ನು ಕ್ಯಾಂಟೀನ್ ಮಾಡುವ ಮಾತೂ ಬಂದಿತ್ತು. ಗದ್ದೆ ತೋಟದಲ್ಲಿ ದುಡಿದವರು ಅಂಗಳದಿಂದೀಚೆ ಬರುವಂತಿರಲಿಲ್ಲ. ಅವರು ಕೂತು ಗಂಜಿ ಉಣ್ಣುತ್ತಿದ್ದದ್ದು ಕೊಟ್ಟಿಗೆಯ ಈ ಕಟ್ಟೆಯ ಮೇಲೆ. ಅದನ್ನು ಮುಚ್ಚಿ ಟೀ ಮಾರಿದರೆ ಮನೆಯ ಅರ್ಧ ಇತಿಹಾಸ ಹೋದಂತೆ. ಕಟ್ಟೆ ಹಾಗೇ ಇದೆ. ಈಗ ಮನೆ ತೋರಿಸುವ ಗೈಡ್ ಆ ದುಡಿದ ಕುಟುಂಬದ ಮೊಮ್ಮಗಳು. ಪ್ರವಾಸವನ್ನು ಅವಳು ಜಗಲಿಯಿಂದ ಶುರುಮಾಡುವುದಿಲ್ಲ, ಕೊಟ್ಟಿಗೆಯಿಂದಲೇ. ನನ್ನ ಕೇಳಿದರೆ ಇಡೀ ಯೋಜನೆಯಲ್ಲಿ ಅತ್ಯಂತ ಸರಿಯಾದ ತೀರ್ಮಾನ ಅದೇ, ಅದು ಅವಳದು.

ಟಿಕೆಟ್ ಹಣದಿಂದ ಗೈಡ್ ಸಂಬಳವೂ ಪೂರ್ತಿ ಹುಟ್ಟುವುದಿಲ್ಲ. ಖರ್ಚೆಲ್ಲ ಮಾಡಿನದು, ಅಂದರೆ ಸೂರಿನದು. ಪ್ರತಿವರ್ಷ ಮಳೆಗೆ ಮೊದಲು ಹಂಚು ಕೈಯಾಡಿಸಬೇಕು, ಗಾಳಿಮಳೆ ಹೊಡೆಯುವ ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟಬೇಕು. ಹಳೇ ಅಚ್ಚಿನ ಮಂಗಳೂರು ಹಂಚು ಮಾಡುತ್ತಿದ್ದ ಕಾರ್ಖಾನೆಗಳು ಬಹುಪಾಲು ಮುಚ್ಚಿವೆ. ಹೊಸ ಹಂಚಿನ ತೋಡು ಹಳೆಯದಕ್ಕೆ ಕೂರುವುದಿಲ್ಲ. ಹಾಗಾಗಿ ಸುತ್ತಲಿನ ಊರಿನಲ್ಲಿ ಯಾರಾದರೂ ಮನೆ ಕೆಡವುತ್ತಾರೆ ಎಂದರೆ ಜೀಪು ಹೊರಡಿಸುತ್ತೇವೆ. ತಂದದ್ದರಲ್ಲಿ ಒಂದಷ್ಟನ್ನು ಮಂಗಗಳು ಒಡೆಯುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಒಬ್ಬರನ್ನು ಪಟಾಕಿ ಕೊಟ್ಟು ಅಂಗಳದಲ್ಲಿ ಕೂರಿಸಲೇಬೇಕು. ಟ್ರಸ್ಟಿನ ಲೆಕ್ಕಪುಸ್ತಕದಲ್ಲಿ ಅವರ ಸಂಬಳ ‘ಕಟ್ಟಡ ಸಂರಕ್ಷಣೆ’ ಎಂಬ ತಲೆಬರಹದಡಿ ಹೋಗುತ್ತದೆ, ಆಡಿಟರ್ ಇದುವರೆಗೆ ಆಕ್ಷೇಪ ಎತ್ತಿಲ್ಲ.