ಕಂಬವಿಲ್ಲದ ತೋಟದ ಮನೆ: ಲೆಕ್ಕ ಆಷಾಢಕ್ಕೆ ಹಾಕಿ

ಫೆಬ್ರವರಿಯಲ್ಲಿ ಮಲೆನಾಡು ನೋಡಿದವರಿಗೆ ಎಲ್ಲವೂ ಸಲೀಸು ಅನ್ನಿಸುತ್ತದೆ. ಬಿಸಿಲು ಧಾರಾಳ, ರಸ್ತೆ ಒಣಗಿದೆ, ಹಳ್ಳದಲ್ಲಿ ಇನ್ನೂ ನೀರಿದೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ನಾಲ್ಕೈದು ಎಕರೆ ತಗೊಂಡು, ಕಾಡಿನಂಚಿಗೆ ಕರೆಂಟ್ ಕಂಬ ಎಳೆಸುವ ಖರ್ಚು ಕೇಳಿ ಗಾಬರಿಯಾಗಿ, ‘ಕರೆಂಟೇ ಬೇಡ, ಸೋಲಾರ್ ಹಾಕ್ಕೊಂಡು ಸ್ವಂತವಾಗಿ ಬದುಕೋಣ’ ಎಂದು ಹೊರಡುವವರು ಈಗ ಬೇಕಾದಷ್ಟು ಜನ. ಅವರಲ್ಲಿ ಎಷ್ಟೋ ಮಂದಿ ಮೊದಲ ಆಷಾಢದಲ್ಲೇ ಬೆಂಗಳೂರಿನ ಬಸ್ ಹತ್ತಿದ್ದನ್ನು ನೋಡಿದ್ದೇನೆ. ದುಡ್ಡು ಸಾಲದೆ ಹೋದವರು ಕಡಿಮೆ. ಎಲ್ಲ ಲೆಕ್ಕವನ್ನೂ ಬೇಸಿಗೆಯ ಬಿಸಿಲು ನೋಡಿ ಹಾಕಿದ್ದರು, ಅಷ್ಟೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮನೆಯ ಲೆಕ್ಕವನ್ನು ಜುಲೈಗೆ ಹಾಕಿ. ನೀರಿನ ಲೆಕ್ಕ ಮಾತ್ರ ಏಪ್ರಿಲ್‌ಗೆ.

1. ಮೊದಲು ನೀರು

ಜಾಗ ಕೊಳ್ಳುವ ಮುಂಚೆ ಏಪ್ರಿಲ್ ಕೊನೆಯಲ್ಲಿ ಒಮ್ಮೆ ಹೋಗಿ. ಒರತೆಯ ಬಾಯಿಗೆ ಬಕೆಟ್ ಹಿಡಿದು, ತುಂಬಲು ಎಷ್ಟು ಹೊತ್ತಾಯಿತು ಎಂದು ವಾಚು ನೋಡಿ. 10 ಲೀಟರಿನ ಬಕೆಟ್ ಎರಡು ನಿಮಿಷದಲ್ಲಿ ತುಂಬಿದರೂ ದಿನಕ್ಕೆ 7200 ಲೀಟರ್ ಆಯಿತು. ನಾಲ್ಕು ಜನ, ಕೋಳಿ, ಹಿತ್ತಲು ಎಲ್ಲಕ್ಕೂ ಅದು ಸಾಕು. ಒರತೆ ಮನೆಗಿಂತ ಮೇಲಿದ್ದರೆ ನಿಮ್ಮಷ್ಟು ಪುಣ್ಯವಂತರಿಲ್ಲ: ಪೈಪ್ ಎಳೆದರೆ ನೀರು ತಾನಾಗಿ ಬರುತ್ತದೆ. ಪೈಪ್ ದಿಬ್ಬ ಹತ್ತಿ ಇಳಿಯುವ ಕಡೆಯೆಲ್ಲ ಒಂದು ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ ಗಾಳಿ ಬಿಡುವ ವಾಲ್ವ್ ಕೂರಿಸಿ. ಇಲ್ಲದಿದ್ದರೆ ಗಾಳಿ ಕಟ್ಟಿಕೊಂಡು ನೀರು ನಿಲ್ಲುತ್ತದೆ, ನೀವು ಮಳೆಯಲ್ಲಿ ಇಂಬಳ ಕಚ್ಚಿಸಿಕೊಳ್ಳುತ್ತಾ ಅರ್ಧ ಕಿಲೋಮೀಟರ್ ಪೈಪ್ ಬಿಚ್ಚಿ ನೋಡಬೇಕಾಗುತ್ತದೆ.

ಬಾವಿ ಕೆಳಗಿದ್ದರೆ ಸೋಲಾರ್ ಪಂಪ್ ಹಾಕಿ. ಅದಕ್ಕೆ ಬ್ಯಾಟರಿ ಬೇಡ. ಬಿಸಿಲಿದ್ದಾಗ ನೀರು ಎತ್ತಿ ಎತ್ತರದ ಟ್ಯಾಂಕಿನಲ್ಲಿ ತುಂಬಿಟ್ಟರೆ ಆಯಿತು. 2019ರಲ್ಲಿ ಶುರುವಾದ, ರೈತರಿಗೆ ಸೋಲಾರಿಗೆ ಸಹಾಯಧನ ಕೊಡುವ ಕೇಂದ್ರದ ಪಿಎಂ ಕುಸುಮ್ ಯೋಜನೆಯ ‘ಬಿ’ ಭಾಗ ಇರುವುದೇ ಲೈನಿಲ್ಲದ ಜಮೀನಿನ ಪಂಪಿಗಾಗಿ. ಅರ್ಜಿ ಹಾಕಿ.

2. ಕರೆಂಟ್: ಎಲ್ಲರೂ ಎಡವುವುದು ಇಲ್ಲೇ

ಅಂಗಡಿಗೆ ಹೋಗಿ ‘ಎರಡು ಕಿಲೋವ್ಯಾಟ್ ಕೊಡಿ’ ಎನ್ನಬೇಡಿ. ಮೊದಲು ಒಂದು ಹಾಳೆ ತಗೊಂಡು, ಯಾವುದು ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ ಎಂದು ಬರೆಯಿರಿ. ಎರಡನ್ನೂ ಗುಣಿಸಿ ಕೂಡಿ. 1000 ಬಂದರೆ ಒಂದು ಯೂನಿಟ್.

ನಾಲ್ಕು ಜನರ ಮನೆಯ ಜುಲೈ ತಿಂಗಳ ಲೆಕ್ಕ ಹೀಗಿರುತ್ತದೆ ನೋಡಿ. 9 ವ್ಯಾಟಿನ ಆರು ಬಲ್ಬು ಐದು ಗಂಟೆ ಉರಿದರೆ 270. ಒಂದು ಬಾಗಿಲಿನ ಸಣ್ಣ ಫ್ರಿಜ್ ಸುಮಾರು 700. ಮಿಕ್ಸಿ ಕಾಲು ಗಂಟೆಗೆ 150. ಟಿವಿ 150. ಲ್ಯಾಪ್‌ಟಾಪ್, ಮೊಬೈಲ್ ಸೇರಿ 240. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬರೆಯದೇ ಬಿಡುವುದು ಎರಡನ್ನು. ವೈಫೈ ಡಬ್ಬಿ ಬರೀ 10 ವ್ಯಾಟ್, ಆದರೆ ದಿನವಿಡೀ ಉರಿಯುತ್ತದೆ, ಅದು 240. ಇನ್ನೊಂದು ಇನ್ವರ್ಟರ್. ಮನೆಯಲ್ಲಿ ಏನೂ ಉರಿಯದಿದ್ದರೂ ಅದು ತನ್ನ ಪಾಡಿಗೆ 20 ವ್ಯಾಟ್ ತಿನ್ನುತ್ತಿರುತ್ತದೆ, ದಿನಕ್ಕೆ 480. ಒಟ್ಟು 2230, ಅಂದರೆ ಎರಡೂಕಾಲು ಯೂನಿಟ್. ಇದರಲ್ಲಿ ಫ್ಯಾನ್ ಇಲ್ಲ. ಬೇಸಿಗೆಗೆ ಬೇಕಾದರೆ ಕರೆಂಟ್ ಕಡಿಮೆ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿ. ಹಳೆಯ 75 ವ್ಯಾಟಿನದ್ದನ್ನು ಇಂಥ ಮನೆಗೆ ತರಲೇಬೇಡಿ.

ಈಗ ಪ್ಯಾನೆಲ್. ಒಂದು ಕಿಲೋವ್ಯಾಟ್ ಪ್ಯಾನೆಲ್ ಫೆಬ್ರವರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಮಾರುವವರು ಹೇಳುವ ಲೆಕ್ಕ ಇದೇ. ಜುಲೈನಲ್ಲಿ ಅದೇ ಪ್ಯಾನೆಲಿನಿಂದ ಒಂದೋ ಒಂದೂವರೆಯೋ ಬಂದರೆ ಹೆಚ್ಚು. ಕಾರ್ಮೋಡ ಮುಚ್ಚಿ ಹಗಲಲ್ಲೇ ದೀಪ ಹಚ್ಚುವ ದಿನ ಅರ್ಧ ಯೂನಿಟ್ಟೂ ಇಲ್ಲ. ಹಾಗಾಗಿ ಎರಡು ಕಿಲೋವ್ಯಾಟ್ ಪ್ಯಾನೆಲ್ ಹಾಕಿದರೆ ಆಷಾಢ ಹೇಗೋ ಸರಿದೂಗುತ್ತದೆ. ದಿನವೂ ಅಲ್ಲ, ಸರಾಸರಿಯಲ್ಲಿ. ಆ ಏರುಪೇರು ತಡೆಯಲು ಬ್ಯಾಟರಿ ಬೇಕು.

ಬ್ಯಾಟರಿಗೆ ಎರಡು ದಿನದ ಖರ್ಚು ಹಿಡಿಯಬೇಕು, ಅಂದರೆ ನಾಲ್ಕೂವರೆ ಯೂನಿಟ್. 12 ವೋಲ್ಟಿನ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿ ಅಂದರೆ 1.8 ಯೂನಿಟ್. ಆದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ, ಹಾಗಾಗಿ ನಿಮ್ಮ ಕೈಗೆ ಸಿಗುವುದು 0.9. ಐದು ಬ್ಯಾಟರಿ ಬೇಕಾಯಿತು. ಎರಡು ತಂದು ಕೂರಿಸಿ, ಮೊದಲ ಮಳೆಗಾಲದಲ್ಲಿ ಪೂರ್ತಿ ಹೀರಿ, ಮೂರನೇ ವರ್ಷಕ್ಕೆ ಗುಜರಿಗೆ ಹಾಕುವವರನ್ನು ನೋಡಿ ನೋಡಿ ಸಾಕಾಗಿದೆ. ನನ್ನ ಮಾತು ಕೇಳುವುದಾದರೆ ಲಿಥಿಯಂ ಫಾಸ್ಫೇಟ್ ತಗೊಳ್ಳಿ. 51.2 ವೋಲ್ಟ್, 100 ಆಂಪಿಯರ್ ಅವರ್‌ನ ಒಂದೇ ಪೆಟ್ಟಿಗೆಯಲ್ಲಿ 5 ಯೂನಿಟ್ ಇರುತ್ತದೆ, ನೂರಕ್ಕೆ 90ರಷ್ಟು ಬಳಸಬಹುದು. ಎರಡು ದಿನಕ್ಕೆ ಸರಿಯಾಯಿತು. ಡಿಸ್ಟಿಲ್ಡ್ ವಾಟರ್ ಹುಯ್ಯುವ ಕೆಲಸವೂ ಇಲ್ಲ. ಟ್ಯೂಬುಲರೇ ಬೇಕೆಂದರೆ ಮೇಲೆ ಸಿ10 (ಹತ್ತು ಗಂಟೆಯಲ್ಲಿ ಖಾಲಿ ಮಾಡುವ ಲೆಕ್ಕದಲ್ಲಿ ಅಳೆದದ್ದು) ಎಂದು ಬರೆದಿರುವ ಸೋಲಾರ್ ಬ್ಯಾಟರಿ ಕೇಳಿ. ಪೇಟೆಯ ಇನ್ವರ್ಟರಿಗೆಂದು ಮಾಡಿದ, ಇಪ್ಪತ್ತು ಗಂಟೆಯ ಲೆಕ್ಕದ ಸಿ20 ಬ್ಯಾಟರಿಯನ್ನು ‘ಎಲ್ಲಾ ಒಂದೇ ಸಾರ್’ ಎಂದು ದಾಟಿಸುತ್ತಾರೆ. ಒಂದೇ ಅಲ್ಲ.

ಇನ್ನು ಕೊಳ್ಳಬಾರದ ಸಾಮಾನು. ಕೇಂದ್ರದ ಚಾವಣಿ ಸೋಲಾರ್ ಯೋಜನೆಯಾದ ಪಿಎಂ ಸೂರ್ಯಘರ್ ಜಾಹೀರಾತು ನೋಡಿ, ಕರೆಂಟ್ ಲೈನಿಗೆ ಜೋಡಿಸುವ ಆನ್‌ಗ್ರಿಡ್ ಇನ್ವರ್ಟರ್ ತಂದವರಿದ್ದಾರೆ. ಅದು ಲೈನ್ ಇರುವ ಮನೆಗಳ ಯೋಜನೆ. ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೆ ಆ ಇನ್ವರ್ಟರ್ ತಾನೂ ಆಫ್ ಆಗುತ್ತದೆ, ಅದನ್ನು ಮಾಡಿರುವುದೇ ಹಾಗೆ. ನಿಮಗೆ ಬೇಕಾದ್ದು ಲೈನಿಲ್ಲದೆ ನಡೆಯುವ ಆಫ್‌ಗ್ರಿಡ್, ಲೈನಿನಂಥದೇ ನಯವಾದ ಕರೆಂಟ್ ಕೊಡುವ ಪ್ಯೂರ್ ಸೈನ್ ವೇವ್, 48 ವೋಲ್ಟಿನದ್ದು. ಸ್ಕ್ವೇರ್ ವೇವ್ ಇನ್ವರ್ಟರಿಗೆ ಫ್ರಿಜ್ ಹಾಕಿದರೆ ಮೋಟರ್ ಬಿಸಿಯಾಗಿ ಗುಂಯ್ ಎನ್ನುತ್ತದೆ. ಪ್ಯಾನೆಲಿನಿಂದ ಬ್ಯಾಟರಿ ತುಂಬಿಸುವ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ ಎಂಬ ಬಗೆಯದ್ದೇ ಆಗಬೇಕು. ಮೋಡದ ದಿನ ಸಿಗುವ ಚೂರು ಬಿಸಿಲನ್ನೂ ಅದು ಬಿಡುವುದಿಲ್ಲ.

ಪ್ಯಾನೆಲನ್ನು ಮನೆ ಸೂರಿನ ಮೇಲೇ ಹಾಕಬೇಕೆಂದೇನೂ ಇಲ್ಲ. ಅಡಿಕೆ ಒಣಗಿಸುವ ಅಂಗಳದ ಅಂಚು ಅದಕ್ಕಿಂತ ಒಳ್ಳೆಯದು, ಊರಿನವರು ಬಿಸಿಲು ನೋಡಿಯೇ ಅಂಗಳ ಮಾಡಿರುತ್ತಾರೆ. ದಕ್ಷಿಣಕ್ಕೆ ಮುಖ, 15ರಿಂದ 20 ಡಿಗ್ರಿ ಓರೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಎದುರಿನ ಹಲಸಿನ ಮರದ ನೆರಳು ಎಲ್ಲಿಯವರೆಗೆ ಬರುತ್ತದೆ ಎಂದು ಮೊದಲೇ ನೋಡಿ. ಒಂದು ಕೊಂಬೆಯ ನೆರಳು ಬಿದ್ದರೂ ಪ್ಯಾನೆಲಿನ ಉತ್ಪತ್ತಿ ಕುಸಿಯುತ್ತದೆ. ಅರ್ಥಿಂಗ್ ಗುಂಡಿ, ಸಿಡಿಲು ತಡೆ, ಸರ್ಜ್ ಪ್ರೊಟೆಕ್ಟರ್ ಮೂರನ್ನೂ ಯುಗಾದಿಯೊಳಗೆ ಮುಗಿಸಿ. ಗುಡುಗು ಸಿಡಿಲು ಜೋರಾಗಿರುವುದು ಏಪ್ರಿಲ್, ಮೇ ತಿಂಗಳಲ್ಲಿ.

3. ಹಳ್ಳವಿದ್ದರೆ ಪುಟ್ಟ ಟರ್ಬೈನ್

ಮಲೆನಾಡಿನಲ್ಲಿ ಸೂರ್ಯ ಮರೆಯಾದ ದಿನಗಳಲ್ಲೇ ಹಳ್ಳ ತುಂಬಿರುತ್ತದೆ. ಜಮೀನಿನಲ್ಲಿ ಹಳ್ಳ ಇಳಿಜಾರಿನಲ್ಲಿ ಹರಿಯುತ್ತಿದ್ದರೆ ಪಿಕೋ ಹೈಡ್ರೋ, ಅಂದರೆ ಹಳ್ಳದ ನೀರಿನಿಂದ ಕರೆಂಟ್ ಮಾಡುವ ಪುಟ್ಟ ಟರ್ಬೈನ್, ಬಿಡಬೇಡಿ. ಲೆಕ್ಕ ಸುಲಭ: ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರದಿಂದ, ಅದನ್ನು 5ರಿಂದ ಗುಣಿಸಿ. 5 ಲೀಟರ್, 20 ಮೀಟರ್ ಆದರೆ 500 ವ್ಯಾಟ್. ಕಡಿಮೆ ಅನ್ನಿಸಿತಾ? ಇದು ರಾತ್ರಿ ಹಗಲು ತಿರುಗುತ್ತದೆ, ದಿನಕ್ಕೆ 12 ಯೂನಿಟ್. ಆಗಲೇ ಲೆಕ್ಕ ಹಾಕಿದ ಮನೆಯ ಖರ್ಚಿನ ಐದು ಪಟ್ಟು!

ಇಲ್ಲಿ ಜನ ಪೈಪಿನಲ್ಲಿ ದುಡ್ಡು ಉಳಿಸಲು ಹೋಗಿ ಕೆಡುತ್ತಾರೆ. ಸೆಕೆಂಡಿಗೆ 5 ಲೀಟರ್ ನೀರನ್ನು ಎರಡಿಂಚು ಪೈಪಿನಲ್ಲಿ ತಂದರೆ ಪ್ರತಿ 100 ಮೀಟರಿಗೆ ಸುಮಾರು 6 ಮೀಟರ್ ಎತ್ತರದ ಶಕ್ತಿ ಪೈಪಿನ ಉಜ್ಜಾಟಕ್ಕೇ ಹೋಗುತ್ತದೆ. ನಾಲ್ಕಿಂಚಿನಲ್ಲಿ ಅರ್ಧ ಮೀಟರೂ ಹೋಗುವುದಿಲ್ಲ. ನಾಲ್ಕಿಂಚೇ ಹಾಕಿ. ಇನ್ನೊಂದು, ಟರ್ಬೈನಿಗೆ ಯಾವಾಗಲೂ ಹೊರೆ ಇರಬೇಕು. ಮನೆಯವರು ದೀಪ ಆರಿಸಿ ಮಲಗಿದ ಕೂಡಲೇ ಅದು ಹುಚ್ಚಾಪಟ್ಟೆ ತಿರುಗಿ ವೋಲ್ಟೇಜ್ ಏರುತ್ತದೆ. ಉಳಿದ ಕರೆಂಟನ್ನು ಹೀಟರ್ ಕಾಯಿಲಿಗೆ ತಿರುಗಿಸುವ ಕಂಟ್ರೋಲರ್ ಹಾಕಿಸಿ, ಆ ಕಾಯಿಲನ್ನು ಬಚ್ಚಲಿನ ನೀರಿನ ಟ್ಯಾಂಕಿಗೆ ಇಳಿಸಿ. ಇಡೀ ಮಳೆಗಾಲ ಕಟ್ಟಿಗೆ ಸುಡದೆ ಬಿಸಿನೀರು ಸಿಗುತ್ತದೆ. ಹಳ್ಳದಲ್ಲಿ ಪೈಪಿನ ಬಾಯಿಗೆ ಹಾಕಿದ ಜಾಲರಿಗೆ ಕಟ್ಟಿಕೊಂಡ ತರಗೆಲೆಯನ್ನು ಮಾತ್ರ ದಿನಾ ಬೆಳಿಗ್ಗೆ ಹೋಗಿ ತೆಗೆಯಲೇಬೇಕು.

4. ಜನರೇಟರ್

ಹಳ್ಳವಿಲ್ಲದವರಿಗೆ ಜನರೇಟರ್ ಬೇಕೇ ಬೇಕು, ಆದರೆ ದೀಪ ಉರಿಸಲು ಅಲ್ಲ. ನಾಲ್ಕು ಬಲ್ಬಿಗಾಗಿ ಸಂಜೆಯೆಲ್ಲ ಓಡಿಸುವುದು ಪೆಟ್ರೋಲ್ ಸುಡುವ ಕೆಲಸ. ಎರಡು ದಿನ ಬಿಸಿಲು ಬಾರದಿದ್ದರೆ ಮೂರನೇ ಬೆಳಿಗ್ಗೆ ಎರಡು ಗಂಟೆ ಓಡಿಸಿ. ಬ್ಯಾಟರಿ ಚಾರ್ಜರ್ 30 ಆಂಪಿಯರಿನಲ್ಲಿ ನಡೆದರೆ ಆ ಎರಡು ಗಂಟೆಯಲ್ಲಿ ಮೂರು ಯೂನಿಟ್ ತುಂಬುತ್ತದೆ. ಬ್ಯಾಟರಿ ತುಂಬುತ್ತಿರುವಾಗಲೇ ಮಿಕ್ಸಿಯ ರುಬ್ಬುವ ಕೆಲಸವನ್ನೂ ಮುಗಿಸಿಕೊಳ್ಳಿ. 3 ಕೆವಿಎ ಸಾಕು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಗರಿಷ್ಠ ಸಂಖ್ಯೆ. ಸತತವಾಗಿ ಎಷ್ಟು ಕೊಡುತ್ತದೆ ಎಂಬುದನ್ನು ಕೇಳಿ ತಗೊಳ್ಳಿ. ಅಲ್ಯೂಮಿನಿಯಂ ವೈಂಡಿಂಗಿನ ಅಗ್ಗದ ಸೆಟ್‌ಗಳ ಹತ್ತಿರ ಸುಳಿಯಬೇಡಿ. ಹೊಸ ಎಂಜಿನ್ನಿನ ಆಯಿಲನ್ನು ಮೊದಲ 20 ಗಂಟೆಗೆ ಬದಲಿಸಿ, ಆಮೇಲೆ 100 ಗಂಟೆಗೊಮ್ಮೆ. ಮಳೆಗಾಲ ಮುಗಿದ ಮೇಲೆ ಕಾರ್ಬುರೇಟರಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಡಿ, ಇಲ್ಲದಿದ್ದರೆ ಮುಂದಿನ ಜೂನ್‌ನಲ್ಲಿ ಹಗ್ಗ ಎಳೆದೂ ಎಳೆದೂ ಕೈ ಸೋಲುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಮಳೆ ಜೋರು ಎಂದು ಜನರೇಟರನ್ನು ಕಟ್ಟಿಗೆ ಕೋಣೆಯೊಳಗೆ, ಇಲ್ಲವೇ ಟಾರ್ಪಾಲ್ ಇಳಿಬಿಟ್ಟ ಜಗುಲಿಗೆ ತರಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಕಿಟಕಿಯಿಂದ ಕನಿಷ್ಠ 20 ಅಡಿ ದೂರದಲ್ಲಿ, ನಾಲ್ಕೂ ಕಡೆ ತೆರೆದ ಪುಟ್ಟ ಮಾಡು ಕಟ್ಟಿ ಅಲ್ಲಿಡಿ. ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿ ಮನೆಯ ಸಾಕೆಟ್ಟಿಗೆ ಚುಚ್ಚುವ ಅಡ್ಡದಾರಿ ಬೇಡವೇ ಬೇಡ. ಒಂದು ಸಲಕ್ಕೆ ಒಂದೇ ಕಡೆಯ ಕರೆಂಟ್ ಒಳಗೆ ಬಿಡುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ.

5. ಕೋಳಿ

ಹತ್ತು ಹೇಂಟೆ, ಒಂದು ಹುಂಜ ಸಾಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳು ನಾಟಿಗಿಂತ ಎರಡು ಪಟ್ಟಿಗೂ ಜಾಸ್ತಿ ಮೊಟ್ಟೆ ಇಡುತ್ತವೆ. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ, ಮೈಭಾರಕ್ಕೆ ಹಾರಿ ತಪ್ಪಿಸಿಕೊಳ್ಳುವುದೂ ಇಲ್ಲ. ಮರಿ ಮಾಡಿಸಲು ಎರಡು ನಾಟಿ ಹೇಂಟೆ ಇರಲಿ.

ಗೂಡನ್ನು ನೆಲದಿಂದ ಮೂರಡಿ ಎತ್ತರದಲ್ಲಿ ಕಟ್ಟಿ. ಆರು ಮೂಲೆಯ ಕಣ್ಣಿನ ತೆಳು ಕೋಳಿ ಜಾಲರಿಯನ್ನು ಕಾಡುಬೆಕ್ಕು ಹರಿದು ಒಳಗೆ ಬರುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ಶೇ ಬೇಕು. ಮುಂಗುಸಿಗೆ ಸಣ್ಣ ಸಂದು ಸಿಕ್ಕರೂ ಸಾಕು. ಒಂದೇ ರಾತ್ರಿಯಲ್ಲಿ ಇಡೀ ಗೂಡು ಖಾಲಿಯಾದದ್ದಿದೆ. ಹಾಸಿಗೆಗೆ ಭತ್ತದ ಉಮಿ ಹರವಿ, ಎರಡು ದಿನಕ್ಕೊಮ್ಮೆ ಕೈಯಾಡಿಸಿ. ಹಿಡಿಯಲ್ಲಿ ಅದುಮಿದಾಗ ಉಂಡೆ ಕಟ್ಟಿದರೆ ಒದ್ದೆ ಹೆಚ್ಚಾಗಿದೆ, ತೆಗೆದು ಬೇರೆ ಹಾಕಿ. ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ ಎಂದು ತಿಳಿದು ಅವತ್ತೇ ಪಶು ಆಸ್ಪತ್ರೆಗೆ ಹೋಗಿ. ಮರಿಗಳಿಗೆ ಮೊದಲ ವಾರವೇ ರಾಣಿಖೇತ್ ಎಂಬ ಕೋಳಿ ಸಾಂಕ್ರಾಮಿಕದ ಲಸಿಕೆಯ ಹನಿ ಹಾಕಿಸಿ.

6. ಹಿತ್ತಲು, ಒಲೆ, ಉಗ್ರಾಣ

ತರಕಾರಿ ಕಷ್ಟವಿಲ್ಲ, ಕಾಲ ನೋಡಬೇಕು ಅಷ್ಟೆ. ಮಳೆಗಾಲಕ್ಕೆ ಏರು ಮಡಿಯಲ್ಲಿ ಬೆಂಡೆ, ಹೀರೆ, ಸೌತೆ. ದೀಪಾವಳಿ ಕಳೆದ ಮೇಲೆ ಹರಿವೆ, ಬದನೆ, ಮೂಲಂಗಿ, ಟೊಮೆಟೊ. ಬಸಳೆ, ಕೆಸು, ನುಗ್ಗೆ ವರ್ಷವಿಡೀ ಮನೆ ಬಳಿ ಇರಲಿ. ಕೋಳಿ ಗೊಬ್ಬರವನ್ನು ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ, ತರಗೆಲೆ ಜೊತೆ ಕೊಳೆಸಿ ಹಾಕಿ. ಮಂಗನ ಕಾಟಕ್ಕೆ ಬೇಲಿಗಿಂತ ನಾಯಿ ವಾಸಿ.

ಮಂಗ ಎಂದ ಮೇಲೆ ಇದನ್ನೂ ಹೇಳಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಗಲೂ ಡಿಸೆಂಬರ್‌ನಿಂದ ಮೇವರೆಗೆ ಬರುತ್ತದೆ. ಹರಡುವುದು ರಕ್ತ ಹೀರುವ ಉಣುಗು. ದರಗಿಗೆ (ಒಣಗಿದ ಎಲೆಗೆ) ಕಾಡಿಗೆ ಹೋಗುವಾಗ ಮೈ ತುಂಬ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟದೆ ಕೇಂದ್ರಕ್ಕೆ ತಿಳಿಸಿ.

ಎರಡು ಘನ ಮೀಟರಿನ ಗೋಬರ್ ಗ್ಯಾಸಿಗೆ ದಿನಾ 50 ಕಿಲೋ ಸಗಣಿ ಬೇಕು, ಐದು ದನವಿಲ್ಲದೆ ಆ ಗುಂಡಿ ತೋಡಬೇಡಿ. ದನ ಕಟ್ಟದವರಿಗೆ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ, ಕಟ್ಟಿಗೆ ಉಳಿಸುವ ಅಸ್ತ್ರ ಒಲೆಯೇ ಸರಿ. ಅದಕ್ಕೆ ಕಟ್ಟಿಗೆ ಮೇ ಎರಡನೇ ವಾರದೊಳಗೆ ಸೂರಿನಡಿ ಸೇರಿರಬೇಕು.

ಅದೇ ಹೊತ್ತಿಗೆ ಉಗ್ರಾಣ ತುಂಬಿಸಿ. ಮಗೆಸೌತೆಯನ್ನು ಬಾಳೆ ನಾರಿನಲ್ಲಿ ಒಂದಕ್ಕೊಂದು ತಗುಲದಂತೆ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಒಣಗಿಸಿಡಿ. ಅಕ್ಕಿ, ಉಪ್ಪು, ಬೆಲ್ಲ, ಕೋಳಿಗೆ ನುಚ್ಚು, 20 ಲೀಟರ್ ಪೆಟ್ರೋಲ್, ಜನರೇಟರಿನ ಒಂದು ಸ್ಪಾರ್ಕ್ ಪ್ಲಗ್, ಇನ್ವರ್ಟರಿನ ಫ್ಯೂಸ್, ಪೈಪಿನ ನಾಲ್ಕು ಜಾಯಿಂಟ್, ಜ್ವರದ ಮಾತ್ರೆ. ಪೆಟ್ರೋಲ್ ಕ್ಯಾನ್ ಒಲೆಯಿಂದ ದೂರ, ಬೇರೆ ಮಾಡಿನಲ್ಲಿರಲಿ. ಮಣ್ಣಿನ ರಸ್ತೆ ಕೆಟ್ಟರೆ ವಾರಗಟ್ಟಲೆ ಗಾಡಿ ಬರುವುದಿಲ್ಲ, ಹಾಗಾಗಿ ಇದೆಲ್ಲ ಮೃಗಶಿರಾ ಮಳೆ ಹಿಡಿಯುವ ಮೊದಲೇ ಮನೆ ಸೇರಿರಲಿ.