ಬೇರು ನೋಡಿ ಕೊಡುವ ಕಾಫಿ ಸಸಿ: ನನ್ನ ನರ್ಸರಿಯ ಅನುಭವ

ಕಾಫಿ ಸಸಿಯ ಗುಣ ಅದನ್ನು ಕೊಳ್ಳುವ ದಿನ ಕಣ್ಣಿಗೆ ಕಾಣುವುದಿಲ್ಲ. ಎಲೆ ಹಸಿರಾಗಿ, ಕಾಂಡ ನೆಟ್ಟಗೆ ಇದ್ದರೂ ಬೀಜ ಯಾವ ಗಿಡದ್ದು, ಚೀಲದೊಳಗೆ ತಾಯಿಬೇರು ಹೇಗೆ ಇಳಿದಿದೆ ಎಂಬುದು ಮೊದಲ ಫಸಲು ಕಾಣುವವರೆಗೆ, ಎಂದರೆ ಮೂರ್ನಾಲ್ಕು ವರ್ಷ, ತಿಳಿಯದೇ ಉಳಿಯಬಹುದು. ದೊಡ್ಡ ತೋಟದವರು ಅಂಥ ನಷ್ಟವನ್ನು ಹೇಗೋ ತುಂಬಿಕೊಳ್ಳುತ್ತಾರೆ. ಎರಡು ಎಕರೆಯ ಬೆಳೆಗಾರನಿಗೆ ಅದು ಸಾಧ್ಯವಿಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಅಕ್ಕಪಕ್ಕದ ಸಣ್ಣ ಬೆಳೆಗಾರರಿಗೆಂದು ನರ್ಸರಿ ಆರಂಭಿಸಿದಾಗ ಬೀಜ ಮತ್ತು ಬೇರು, ಈ ಎರಡರ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದೆಂದು ನಿರ್ಧರಿಸಿದೆ.

ಅರೇಬಿಕಾ ಜಾತಿಯ ಕಾಫಿ ಬೀಜಕ್ಕೆ ಕಾಫಿ ಮಂಡಳಿಗೆ ಮುಂಚಿತವಾಗಿಯೇ ಬೇಡಿಕೆ ಸಲ್ಲಿಸುತ್ತೇನೆ. ಬಾಳೆಹೊನ್ನೂರಿನ ಬಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 2007ರಲ್ಲಿ ಬಿಡುಗಡೆ ಮಾಡಿದ ಗಿಡ್ಡ ತಳಿ ಚಂದ್ರಗಿರಿಗೂ, ಹಳೆಯ ಎತ್ತರದ ತಳಿ ಎಸ್.795ಕ್ಕೂ ನಮ್ಮಲ್ಲಿ ಬೇಡಿಕೆ ಇದೆ. ಅರೇಬಿಕಾ ಹೂವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ಬೀಜದ ಗಿಡ ಹೆಚ್ಚು ಕಡಿಮೆ ತಾಯಿಯನ್ನೇ ಹೋಲುತ್ತದೆ. ಕಾಫಿಯ ಇನ್ನೊಂದು ಜಾತಿ ರೋಬಸ್ಟಾ ಹಾಗಲ್ಲ. ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಆದ್ದರಿಂದ ಎಷ್ಟೇ ಒಳ್ಳೆಯ ಗಿಡದಿಂದ ಹಣ್ಣು ಆರಿಸಿದರೂ, ಸುತ್ತಲಿನ ಗಿಡಗಳು ಸಾಧಾರಣವಾಗಿದ್ದರೆ ಸಸಿಗಳು ಒಂದೊಂದು ಒಂದೊಂದು ರೀತಿ ಬರುತ್ತವೆ. ನೆರೆಯವರ ತೋಟದಲ್ಲಿ ಚೆನ್ನಾಗಿ ಬಿಟ್ಟ ಗಿಡದ ಬೀಜ ಕೇಳಿ ತರುವ ರೂಢಿ ಅರೇಬಿಕಾಕ್ಕೆ ಅಷ್ಟು ಹಾನಿ ಮಾಡದಿದ್ದರೂ ರೋಬಸ್ಟಾಕ್ಕೆ ಖಂಡಿತ ಒಗ್ಗುವುದಿಲ್ಲವೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬೀಜವನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ, ಮೊಳೆಯುವ ಶಕ್ತಿ ಬೇಗ ಕುಗ್ಗುತ್ತದೆ. ಡಿಸೆಂಬರ್‌ನಿಂದ ಜನವರಿಯೊಳಗೆ ಏರುಮಡಿಯಲ್ಲಿ, ಚಪ್ಪಟೆ ಭಾಗ ಕೆಳಗಾಗುವಂತೆ ಬಿತ್ತಿ, ತೆಳುವಾಗಿ ಮಣ್ಣು ಉದುರಿಸಿ, ಮೇಲೆ ಭತ್ತದ ಹುಲ್ಲು ಹೊದಿಸುತ್ತೇವೆ. ಸುಮಾರು ಒಂದೂವರೆ ತಿಂಗಳಿಗೆ ಮೊಳಕೆ ಬರುತ್ತದೆ.

ಮೊಳಕೆ ಮಣ್ಣಿನಿಂದ ಮೇಲೆದ್ದು, ಬೀಜವನ್ನೇ ಟೋಪಿಯಂತೆ ಹೊತ್ತು ನಿಂತಾಗ ಚೀಲಕ್ಕೆ ವರ್ಗಾಯಿಸುವ ಕಾಲ. ಸಸಿಯ ಮುಂದಿನ ಬಾಳೆಲ್ಲ ನಿರ್ಧಾರವಾಗುವುದು ಇಲ್ಲಿಯೇ. ತೋಟದ ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಜರಡಿ ಹಿಡಿದ ಮರಳನ್ನು 6:2:1ರ ಪ್ರಮಾಣದಲ್ಲಿ ಬೆರೆಸಿ ಚೀಲ ತುಂಬಿರುತ್ತೇವೆ. ಮೊನಚು ಗೂಟದಿಂದ ಬೇರಿನ ಉದ್ದಕ್ಕಿಂತ ಆಳವಾಗಿ ಗುಳಿ ಮಾಡಿ, ಸಸಿಯನ್ನು ಪೂರ್ತಿ ಇಳಿಸಿ, ಮತ್ತೆ ಸ್ವಲ್ಪ ಮೇಲಕ್ಕೆ ಎಳೆಯಬೇಕು. ಮಡಚಿದ ಬೇರಿನ ತುದಿ ಆಗ ನೆಟ್ಟಗಾಗುತ್ತದೆ. ಬಳಿಕ ಪಕ್ಕದಿಂದ ಮಣ್ಣನ್ನು ಒತ್ತಬೇಕು. ಗುಳಿ ಗಿಡ್ಡವಾದರೆ ಬೇರು ಕೊಕ್ಕೆಯಾಗಿ ಬಾಗಿ, ಮುಂದೆ ಬೇಸಿಗೆಯ ಒಣಗಾಳಿಗೆ ಗಿಡ ಸೊರಗುತ್ತದೆ. ಮೊದಲೇ ಡೊಂಕಾಗಿರುವ ಬೇರಿನ ಮೊಳಕೆಗಳನ್ನು ಮಡಿಯಲ್ಲಿಯೇ ಬಿಸಾಡುತ್ತೇವೆ. ಈ ಕೆಲಸ ಮಾಡುವ ಹೆಂಗಸರಿಗೆ ಚೀಲದ ಲೆಕ್ಕದಲ್ಲಿ ಕೂಲಿ ಕೊಡುವುದಿಲ್ಲ, ದಿನಗೂಲಿಯೇ; ಆತುರವಿದ್ದ ಕಡೆ ಬೇರು ನೆಟ್ಟಗೆ ಇಳಿಯದು.

ಸಸಿ ಒಯ್ಯಲು ಬಂದವರು ರಾಶಿಯಲ್ಲಿ ತಮಗೆ ತೋಚಿದ ಒಂದು ಚೀಲವನ್ನು ಆರಿಸಬಹುದು. ಅವರೆದುರಿಗೇ ಅದನ್ನು ಬ್ಲೇಡಿನಿಂದ ಸೀಳಿ, ಬಕೆಟ್ ನೀರಿನಲ್ಲಿ ಮಣ್ಣು ತೊಳೆದು, ಬೇರನ್ನು ಅಂಗೈಯಲ್ಲಿ ಹರಡಿ ತೋರಿಸುತ್ತೇನೆ. ತಾಯಿಬೇರು ನೇರವಾಗಿ, ಸುತ್ತ ಬಿಳಿಯ ಎಳೆಬೇರು ದಟ್ಟವಾಗಿ ಇರಬೇಕು. ಗಂಟುಗಳಿದ್ದರೆ ಬೇರಿಗೆ ಹತ್ತುವ ಜಂತುಹುಳುವಿನ ಬಾಧೆಯೆಂದು ತಿಳಿದು ಆ ಸಾಲಿನ ಸಸಿಗಳನ್ನು ಯಾರಿಗೂ ಕೊಡುವುದಿಲ್ಲ. ತಳಿ, ಬೀಜ ಬಂದ ಕಡೆ, ಬಿತ್ತಿದ ತಿಂಗಳು ಬರೆದ ಚೀಟಿಯೊಂದನ್ನು ಜೊತೆಗೆ ಕೊಡುತ್ತೇನೆ. ನಾಲ್ಕು ವರ್ಷದ ನಂತರ ಫಸಲು ಸರಿಬಾರದಿದ್ದರೆ ಅವರು ಆ ಚೀಟಿ ಹಿಡಿದು ನನ್ನನ್ನು ಕೇಳುವಂತಿರಬೇಕು.

ಮುಂಗಡ ಹಣ ಹೊಂದಿಸಲಾಗದವರಿಂದ ಕೊಟ್ಟಿಗೆ ಗೊಬ್ಬರವನ್ನೇ ಮುಂಗಡವಾಗಿ ಪಡೆಯುತ್ತೇವೆ. ಬಡವರಿಗೂ ಜೂನ್ ಮಳೆಗೆ ಸಸಿ ಖಾತ್ರಿಯಾಗುವುದು ಇದರಿಂದಲೇ. ಒಯ್ಯುವ ಮೊದಲು ಚಪ್ಪರದ ನೆರಳನ್ನು ಹಂತಹಂತವಾಗಿ ತೆಳುವಾಗಿಸಿ ಸಸಿಯನ್ನು ಬಿಸಿಲಿಗೆ ಹದಗೊಳಿಸುತ್ತೇವೆ.

ರೋಬಸ್ಟಾದ ಏರುಪೇರಿಗೆ ಪರಿಹಾರವಾಗಿ ಈಗ ಆಯ್ದ ಗಿಡಗಳ ಕಂಬಚಿಗುರನ್ನು (ನೆಟ್ಟಗೆ ಮೇಲಕ್ಕೆ ಬೆಳೆಯುವ ಚಿಗುರನ್ನು) ಒಂದೊಂದು ಗಿಣ್ಣಿಗೆ ಕತ್ತರಿಸಿ ಬೇರು ಬರಿಸುತ್ತಿದ್ದೇವೆ. ಅಡ್ಡಕ್ಕೆ ಚಾಚಿದ ರೆಕ್ಕೆಯ, ಎಂದರೆ ಪಕ್ಕದ ಕೊಂಬೆಯ, ತುಂಡು ಇದಕ್ಕೆ ಬಾರದು, ಅದರಿಂದ ಬಂದ ಗಿಡ ಅಡ್ಡಕ್ಕೇ ಬೆಳೆಯುತ್ತದೆ. ಹೊಂದಾಣಿಕೆಯಾಗುವ ಪರಾಗ ಸಿಗಬೇಕಾದ್ದರಿಂದ ಒಂದೇ ಗಿಡದ ತುಂಡುಗಳನ್ನಷ್ಟೇ ಯಾರಿಗೂ ಕೊಡದೆ, ಹಲವು ತಾಯಿಗಿಡಗಳ ಸಸಿಗಳನ್ನು ಬೆರೆಸಿಯೇ ಕಳುಹಿಸುತ್ತೇವೆ.